ಕಾಲಿಟ್ಟರೆ ಜರ್ಕ್ ಹೊಡೆಯುವ ಟ್ರೆಡ್‌ಮಿಲ್: ಎರಡೂವರೆ ವರ್ಷ ಬಳಸಿದವಳ ಮಾತು

ಮೊದಲು ಸ್ಟಾರ್ ಕೊಟ್ಟುಬಿಡುತ್ತೇನೆ. ಓದಲು ಪುರುಸೊತ್ತಿಲ್ಲದವರು ಇಲ್ಲಿಗೇ ಬಿಡಬಹುದು. ಟ್ರೆಡ್‌ಮಿಲ್‌ಗೆ ಐದಕ್ಕೆ ಮೂರು. ಅದನ್ನು ಮಾರಿದ ಕಂಪನಿಯ ಸರ್ವೀಸ್‌ಗೆ ಒಂದು. ಮಂಡಿಪೇಟೆ ಕಡೆ ಗಲ್ಲಿಯೊಂದರಲ್ಲಿ ಬೋರ್‌ವೆಲ್ ಮೋಟಾರ್‌ಗೆ ಕಾಯಿಲ್ ಸುತ್ತುವ ಭಾಯ್‌ಗೆ ಐದು. ನನಗೆ ನಾನೇ ಕೊಟ್ಟುಕೊಂಡದ್ದು ಎರಡು.

ನಾನು ತುಮಕೂರಿನಲ್ಲಿ ಟೈಲರ್. ಮನೆಯ ಮುಂದಿನ ರೂಮೇ ಅಂಗಡಿ. ಇಪ್ಪತ್ತಾರು ವರ್ಷದಿಂದ ಬ್ಲೌಸ್, ಚೂಡಿದಾರ್, ಫಾಲ್, ಪೀಕೊ. ಒಂದು ಹಳೇ ಕಾಲು ಮೆಷಿನ್ ಇದೆ, ಅದಕ್ಕೆ ಆಮೇಲೆ ಮೋಟಾರ್ ಹಾಕಿಸಿದ್ದು. ಒಂದು ಪವರ್ ಮೆಷಿನ್, ಒಂದು ಪೀಕೊ ಮೆಷಿನ್. ದಿನವೆಲ್ಲಾ ಕೂತೇ ಕೆಲಸ. ಐವತ್ತು ದಾಟುವಷ್ಟರಲ್ಲಿ ಸಕ್ಕರೆ ಬಂತು. ದಿನಾ ನಲವತ್ತು ನಿಮಿಷ ನಡೀರಿ ಎಂದರು ಡಾಕ್ಟರು. ಅಮಾನಿಕೆರೆಯಲ್ಲಿ ನಡೆಯುವ ದಾರಿ ಚೆನ್ನಾಗಿದೆ, ಇಲ್ಲ ಅನ್ನಬಾರದು. ಆದರೆ ಆರಕ್ಕೆ ಹೊರಟರೆ, ದಾರಿಯಲ್ಲಿ ನಾಲ್ಕು ಜನ ಗಿರಾಕಿಗಳು ಸಿಕ್ಕಿ, ‘ಅಕ್ಕಾ ನನ್ನ ಬ್ಲೌಸ್ ಆಯ್ತಾ’ ಎಂದು ಕೇಳಿ, ಮನೆ ಸೇರುವಾಗ ಎಂಟೂವರೆ. ಹಾಗಾಗಿ 2022ರ ದಸರಾ ಆಫರ್‌ನಲ್ಲಿ ಟ್ರೆಡ್‌ಮಿಲ್ ತರಿಸಿದೆವು. 26,500 ರೂಪಾಯಿ. ಬೇರೆ ಜಾಗವಿಲ್ಲದೆ ಅಂಗಡಿ ರೂಮಿನಲ್ಲೇ, ಕಟ್ಟಿಂಗ್ ಟೇಬಲ್ ಪಕ್ಕದಲ್ಲಿ ಇಟ್ಟೆವು.

ಕಂಪನಿಯ ಹೆಸರು ಬರೆಯುವುದಿಲ್ಲ. ನನಗೆ ಬೇಕಿರುವುದು ಜಗಳವಲ್ಲ. ನಿಮ್ಮ ಮನೆಯ ಮೆಷಿನ್ನೂ ಹೀಗೆ ತಡವರಿಸುತ್ತಿದ್ದರೆ ಬೋರ್ಡ್‌ಗೆ, ಅಂದರೆ ಮೋಟಾರ್ ನಡೆಸುವ ಎಲೆಕ್ಟ್ರಾನಿಕ್ ಹಲಗೆಗೆ, ದುಡ್ಡು ಸುರಿಯುವ ಮುಂಚೆ ಇದನ್ನೊಮ್ಮೆ ಓದಿಕೊಳ್ಳಿ ಅಂತ ಅಷ್ಟೆ.

ಮೊದಲ ಒಂದು ವರ್ಷ ಹೇಳುವಂಥದ್ದು ಏನೂ ಆಗಲಿಲ್ಲ. ನಾನು ಗಂಟೆಗೆ 4 ಕಿಲೋಮೀಟರ್ ವೇಗದಲ್ಲಿ ನಡೆಯುತ್ತಿದ್ದೆ. ನಮ್ಮ ಯಜಮಾನರು ಫೋನಿನಲ್ಲಿ ಕ್ರಿಕೆಟ್ ಹಾಕಿಕೊಂಡು 2ರಲ್ಲಿ. ಅವರದು ನಡಿಗೆ ಅಲ್ಲ, ಮೆರವಣಿಗೆ.

2024ರ ಸಂಕ್ರಾಂತಿ ಕಳೆದ ಮೇಲೆ ಮೆಷಿನ್ ಸಣ್ಣಗೆ ತಡವರಿಸಲು ಶುರು ಮಾಡಿತು. ಸ್ಟಾರ್ಟ್ ಒತ್ತಿದರೆ ಒಂದು ಕ್ಷಣ ಯೋಚನೆ ಮಾಡಿ ಹೊರಡುವುದು. ಕಡಿಮೆ ವೇಗದಲ್ಲಿ ಆಗಾಗ ಒಂದು ಹೊಲಿಗೆ ತಪ್ಪಿದಂತೆ ಆಗುವುದು. ಹೊಲಿಗೆ ಮೆಷಿನ್ ಓಡಿಸುವವರಿಗೆ ಕೈಗಿಂತ ಮುಂಚೆ ಕಿವಿಗೆ ಗೊತ್ತಾಗುತ್ತದೆ. ಸದ್ದು ಬದಲಾಗಿತ್ತು. ನಮ್ಮ ಕಸುಬಿನಲ್ಲಿ ಮೆಷಿನ್ ಬಿಗಿಯಾಯಿತು ಎಂದರೆ ಮೊದಲ ಮದ್ದು ಎಣ್ಣೆ. ಟ್ರೆಡ್‌ಮಿಲ್ ಜೊತೆ ಒಂದು ಸಣ್ಣ ಬಾಟಲಿ ಸಿಲಿಕಾನ್ ಎಣ್ಣೆ ಕೊಟ್ಟಿದ್ದರು. ಅದು ಯಾವಾಗಲೋ ಖಾಲಿಯಾಗಿತ್ತು. ಎದುರಿಗೇ ಹೊಲಿಗೆ ಮೆಷಿನ್ ಎಣ್ಣೆ ಇತ್ತು. ಬೆಳ್ಳಗೆ, ನೀರಿನ ಹಾಗೆ, ನೋಡಲು ಎರಡೂ ಒಂದೇ ಥರ. ಬೆಲ್ಟ್ ಎತ್ತಿ ಎರಡೂ ಕಡೆ ಧಾರಾಳವಾಗಿ ಬಿಟ್ಟೆ. ನನಗೆ ಎರಡೇ ಸ್ಟಾರ್ ಯಾಕೆ ಅಂತ ಈಗ ಗೊತ್ತಾಯಿತಲ್ಲ.

ಎರಡು ದಿನ ಬೆಣ್ಣೆಯ ಹಾಗೆ ಓಡಿತು. ಯಜಮಾನರ ಮುಂದೆ ಜಂಬ ಕೊಚ್ಚಿಕೊಂಡೆ. ಮೂರನೇ ದಿನ ನಿಜವಾದ ಜರ್ಕ್ ಶುರುವಾಯಿತು. ಹೊಸ ಡ್ರೈವರ್ ಕ್ಲಚ್ ಬಿಟ್ಟಾಗ ಬಸ್ಸಿನಲ್ಲಿ ನಿಂತವರು ಹೇಗೆ ತೂಗಾಡುತ್ತೇವೆ, ಹಾಗೆ. ಕಾಲು ಇಟ್ಟ ತಕ್ಷಣ ಬೆಲ್ಟ್ ಅರೆಗಳಿಗೆ ನಿಲ್ಲುವುದು, ಆಮೇಲೆ ಒಮ್ಮೆಗೇ ಹಿಂದಕ್ಕೆ ಸೆಳೆಯುವುದು. ಎರಡು ಸಲ ಮುಗ್ಗರಿಸಿ ಹ್ಯಾಂಡಲ್ ಹಿಡಿದುಕೊಂಡೆ. ಡಿಸ್‌ಪ್ಲೇ ಮಾತ್ರ 4.0 ಎಂದು ತಣ್ಣಗೆ ತೋರಿಸುತ್ತಲೇ ಇತ್ತು. ನನ್ನ ಕಾಲಿಗೆ ಗೊತ್ತಾದದ್ದು ಅದಕ್ಕೆ ಗೊತ್ತಾಗುತ್ತಿರಲಿಲ್ಲ.

ಕಂಪನಿಗೆ ಫೋನ್ ಮಾಡಿದೆ. ಒಂದು ಒತ್ತಿ, ಮೂರು ಒತ್ತಿ, ಮತ್ತೆ ಒಂದು ಒತ್ತಿ. ಕನ್ನಡಕ್ಕೆ ಒತ್ತುವ ನಂಬರೇ ಇರಲಿಲ್ಲ. ನನ್ನ ಹಿಂದಿ ಟಿವಿ ಸೀರಿಯಲ್ ಹಿಂದಿ. ‘ಜಟ್ಕಾ ಲಗ್ತಾ ಹೈ’ ಎಂದೆ. ಆ ಕಡೆಯ ಹುಡುಗಿ ಗಾಬರಿಯಾಗಿ ಮೆಷಿನ್ ಮುಟ್ಟಬೇಡಿ, ಪ್ಲಗ್ ತೆಗೆಯಿರಿ ಎಂದಳು. ಕರೆಂಟ್ ಶಾಕ್ ಅಂದುಕೊಂಡಿದ್ದಳು. ಅದನ್ನು ತಿಳಿಸಿ ಹೇಳಲು ಹತ್ತು ನಿಮಿಷ ಹಿಡಿಯಿತು.

ಹತ್ತೊಂಬತ್ತು ದಿನ ಆದ ಮೇಲೆ ಬೆಂಗಳೂರಿನಿಂದ ಒಬ್ಬ ಹುಡುಗ ಬಂದ. ದೂರವೇನು, ಎಪ್ಪತ್ತು ಕಿಲೋಮೀಟರ್. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಬಿಸಿಲಲ್ಲಿ ಬಂದಿದ್ದ, ಮಜ್ಜಿಗೆ ಕೊಟ್ಟೆ. ಆದರೆ ಅವನು ನೋಡಿದ್ದು ಹನ್ನೆರಡು ನಿಮಿಷ. ಮೇಲೆ ಹತ್ತಿ ನಾಲ್ಕು ಹೆಜ್ಜೆ ಹಾಕಿದ. ಇಳಿದ. ಮುಂದಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟ.

“ಬೋರ್ಡ್ ಹೋಗಿದೆ ಮೇಡಂ.”

“ಖಾಲಿ ಓಡಿದರೆ ಹೆಚ್ಚುಕಮ್ಮಿ ಚೆನ್ನಾಗೇ ಓಡುತ್ತಲ್ಲಪ್ಪ. ಬೋರ್ಡ್ ಹೋಗಿದ್ರೆ ಅದೂ ಓಡಬಾರದಲ್ವಾ?”

“ಲೋಡ್ ಬಂದಾಗ ಬೋರ್ಡ್ ತಡೆಯಲ್ಲ ಮೇಡಂ.”

ಹೊಸ ಬೋರ್ಡ್‌ಗೆ 9,400, ಹಾಕಲು ಬೇರೆ, ಬಂದದ್ದಕ್ಕೆ 750. ಆ 750ನ್ನು ಅಲ್ಲೇ ಫೋನಿನಲ್ಲಿ ಹಾಕಿಸಿಕೊಂಡ. ಬೆಲ್ಟ್ ಎತ್ತಿ ನೋಡಲಿಲ್ಲ. ಮೀಟರ್ ಹಿಡಿಯಲಿಲ್ಲ. ನೀವು ಏನು ಎಣ್ಣೆ ಹಾಕಿದಿರಿ ಎಂದು ಕೇಳಲಿಲ್ಲ. ಕೇಳಿದ್ದರೆ ನಾನು ಹೇಳುತ್ತಿದ್ದೆನೋ ಇಲ್ಲವೋ, ಅದು ಬೇರೆ ಮಾತು.

ಯಜಮಾನರು ಹಾಕಿಸಿಬಿಡು ಎಂದರು. ನನಗೆ ಮನಸ್ಸು ಬರಲಿಲ್ಲ. ನನ್ನ ಹತ್ತಿರ ಯಾರಾದರೂ ತೋಳು ಬಿಗಿ ಎಂದು ಬ್ಲೌಸ್ ತಂದರೆ ನಾನು ಮೊದಲು ಹಾಕಿಸಿ ನೋಡುತ್ತೇನೆ. ಹೊಸ ಪೀಸ್ ತನ್ನಿ ಅಂತ ಹೇಳುವುದಿಲ್ಲ.

ಭಾಯ್ ನನ್ನ ಪವರ್ ಮೆಷಿನ್ ಮೋಟಾರ್‌ಗೆ ಹಿಂದೆ ಒಮ್ಮೆ ಕಾಯಿಲ್ ಸುತ್ತಿಕೊಟ್ಟಿದ್ದರು. ಅಂಗಡಿ ನೋಡಿದರೆ ಟ್ರೆಡ್‌ಮಿಲ್ ರಿಪೇರಿ ಅಂತ ಯಾರೂ ಅಲ್ಲಿಗೆ ಹೋಗುವುದಿಲ್ಲ. ಬಾಗಿಲವರೆಗೂ ಬೋರ್‌ವೆಲ್ ಮೋಟಾರ್‌ಗಳು ಉದ್ದುದ್ದ ಮಲಗಿರುತ್ತವೆ. ತೆಂಗು, ಅಡಿಕೆ ತೋಟದವರು ಗೂಡ್ಸ್ ಆಟೋದಲ್ಲಿ ತಂದು ಇಳಿಸಿ, ಅಲ್ಲೇ ಬೆಂಚಿನ ಮೇಲೆ ಕಾಯುತ್ತಿರುತ್ತಾರೆ. ವಾರ್ನಿಷ್ ವಾಸನೆ, ಕಿತ್ತು ಹಾಕಿದ ತಾಮ್ರದ ತಂತಿ ಗುಡ್ಡೆ. ಟ್ರೆಡ್‌ಮಿಲ್ ಅಂದ ತಕ್ಷಣ ಭಾಯ್ ಮುಖ ಎತ್ತಲಿಲ್ಲ. ಕೈಯಲ್ಲಿದ್ದ ಕಾಯಿಲ್ ಬಿಡದೆ ಒಂದೇ ಪ್ರಶ್ನೆ ಕೇಳಿದರು.

“ಅಕ್ಕ, ಜರ್ಕ್ ನಿಮ್ಮ ಕಾಲಿನ ಜೊತೆ ಬರುತ್ತಾ, ಇಲ್ಲಾ ಅದರ ಪಾಡಿಗೆ ಬರುತ್ತಾ?”

ನಾನು ಯೋಚನೆ ಮಾಡಿ, “ಎರಡೂ ಇದೆ ಭಾಯ್” ಎಂದೆ.

“ಹಂಗಾದ್ರೆ ಎರಡು ಕಾಯಿಲೆ.”

ಈ ಒಂದು ಪ್ರಶ್ನೆಗೇ ನಾನು ಮೂರು ಸ್ಟಾರ್ ಕೊಟ್ಟೆ. ಹೆಜ್ಜೆ ಇಟ್ಟಾಗಲೆಲ್ಲ ಜರ್ಕ್ ಬಂದರೆ ಎಲ್ಲೋ ಜಾರುತ್ತಿದೆ, ಇಲ್ಲವೇ ತಿಕ್ಕಾಟ ಜಾಸ್ತಿಯಾಗಿ ಮೋಟಾರ್ ಸೋಲುತ್ತಿದೆ ಎಂದರ್ಥ. ಯಾರೂ ಮೇಲಿಲ್ಲದಿದ್ದರೂ ವೇಗ ಏರಿಳಿದರೆ ಕಾರ್ಬನ್ (ಮೋಟಾರ್ ಒಳಕ್ಕೆ ಕರೆಂಟ್ ದಾಟಿಸುವ ತುಂಡು), ವೇಗ ಎಣಿಸುವ ಸೆನ್ಸರ್, ಬೋರ್ಡ್, ಕರೆಂಟ್, ಈ ಕಡೆ ನೋಡಬೇಕು. ಕಂಪನಿಯ ಹುಡುಗ ಎರಡನ್ನೂ ಒಂದೇ ಗಂಟು ಕಟ್ಟಿ ಬೋರ್ಡ್ ಮೇಲೆ ಹಾಕಿದ್ದ.

ಐವತ್ತು ಕೆ.ಜಿ. ಮೇಲಿರುವ ಮೆಷಿನ್, ಹೊತ್ತುಕೊಂಡು ಹೋಗುವ ಹಾಗಿಲ್ಲ. ಭಾಯ್ ಭಾನುವಾರ ಮನೆಗೇ ಬಂದರು. ಯುಗಾದಿಗೆ ಹದಿನೈದು ದಿನ ಇತ್ತು, ರೂಮಿನ ತುಂಬ ಬ್ಲೌಸ್ ಪೀಸ್ ರಾಶಿ. ಒಂದು ಕಡೆ ಸರಿಸಿ ಜಾಗ ಮಾಡಿದೆ.

ಮೊದಲು ಖಾಲಿ ಓಡಿಸಿ ಐದು ನಿಮಿಷ ಸುಮ್ಮನೆ ಕೇಳಿದರು. ಆಮೇಲೆ ಪ್ಲಗ್ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು, ನಾಲ್ಕು ಸ್ಕ್ರೂ ತೆಗೆದು ಮುಚ್ಚಳ ಎತ್ತಿದರು. ಪ್ಲಗ್ ತೆಗೆದ ತಕ್ಷಣ ಯಾಕೆ ಕೈ ಹಾಕಬಾರದು ಅಂದರೆ, ಬೋರ್ಡ್ ಮೇಲಿನ ದಪ್ಪ ಕೆಪಾಸಿಟರ್ ಒಳಗೆ ಕರೆಂಟ್ ಸ್ವಲ್ಪ ಹೊತ್ತು ಉಳಿದಿರುತ್ತದೆ. ಫ್ಯಾನ್ ಕೆಪಾಸಿಟರ್ ಹೊಡೆತ ತಿಂದವರಿಗೆ ಬಿಡಿಸಿ ಹೇಳಬೇಕಿಲ್ಲ.

ಮುಚ್ಚಳ ಎತ್ತಿದ ಮೇಲೆ ಒಳಗೆ ಏನಿದೆ ಎಂದು ನಾನೂ ಮೊದಲ ಸಲ ನೋಡಿದೆ. ನೋಡಿದರೆ ನಮ್ಮದೇ ಕಸುಬಿನ ಸಾಮಾನು. ಒಂದು ಡಿ.ಸಿ. ಮೋಟಾರ್. ಅದರ ಪುಲ್ಲಿಯಿಂದ ಒಂದು ಗೀರುಗೀರಿನ ಚಿಕ್ಕ ಬೆಲ್ಟ್ ಮುಂದಿನ ರೋಲರ್‌ಗೆ. ಆ ರೋಲರ್ ತಿರುಗಿದರೆ ಕಾಲಡಿಯ ದೊಡ್ಡ ಬೆಲ್ಟ್ ಓಡುತ್ತದೆ. ಹಿಂದೆ ಇನ್ನೊಂದು ರೋಲರ್, ಸುಮ್ಮನೆ ತಿರುಗಲು. ನಡುವೆ ಒಂದು ಹಲಗೆ. ಮೋಟಾರ್, ಬೆಲ್ಟ್, ಚಕ್ರ. ನನ್ನ ಕಾಲು ಮೆಷಿನ್‌ಗೆ ಮೋಟಾರ್ ಹಾಕಿಸಿದಾಗ ಇದ್ದದ್ದೂ ಇಷ್ಟೇ.

ಜಾರುವ ಜಾಗ ಎರಡೇ. ಮೋಟಾರ್ ಪುಲ್ಲಿ ಹತ್ತಿರ ಚಿಕ್ಕ ಬೆಲ್ಟ್ ಜಾರಬಹುದು. ಇಲ್ಲಾ ರೋಲರ್ ಮೇಲೆ ದೊಡ್ಡ ಬೆಲ್ಟ್ ಜಾರಬಹುದು. ಅದನ್ನು ಕಂಡುಹಿಡಿಯಲು ಭಾಯ್ ನನ್ನ ಮಾರ್ಕಿಂಗ್ ಚಾಕ್ ಕೇಳಿ ತೆಗೆದುಕೊಂಡರು. ಮೋಟಾರ್ ಪುಲ್ಲಿಯ ಮುಖದ ಮೇಲೆ ಒಂದು ಬಿಳಿ ಗೆರೆ, ರೋಲರ್ ಪುಲ್ಲಿಯ ಮೇಲೆ ಒಂದು ಗುಲಾಬಿ ಗೆರೆ. ನನಗೆ ಸೆರಗು ಬಿಗಿಯಾಗಿ ಸಿಕ್ಕಿಸಿಕೊಳ್ಳಿ, ಮುಂದಕ್ಕೆ ಬಗ್ಗಬೇಡಿ ಎಂದರು. ಮುಚ್ಚಳ ಇಲ್ಲದೆ ಓಡಿಸುವಾಗ ಜಡೆ, ದುಪಟ್ಟಾ, ಮಕ್ಕಳ ಕೈ ಯಾವುದೂ ಹತ್ತಿರ ಬರಬಾರದು. ಮೆಷಿನ್ 2ರ ವೇಗದಲ್ಲಿ ಹೊರಟಿತು. ನಾನು ಎರಡೂ ಹ್ಯಾಂಡಲ್ ಗಟ್ಟಿಯಾಗಿ ಹಿಡಿದು, ಬೆಲ್ಟನ್ನು ತಡೆಯುವವಳ ಹಾಗೆ ಕಾಲು ಒತ್ತಿ ಹೆಜ್ಜೆ ಇಡಬೇಕು. ಭಾಯ್ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಬೇಕು.

ಕಾಲು ಒತ್ತಿದೆ. ಬೆಲ್ಟ್ ನಿಂತಿತು. ಎರಡು ಚಾಕ್ ಗೆರೆಗಳೂ ಗಿರಗಿರ ತಿರುಗುತ್ತಲೇ ಇದ್ದವು.

“ಮೋಟಾರ್ ಓಡ್ತಾ ಇದೆ, ರೋಲರ್ ಓಡ್ತಾ ಇದೆ, ಬೆಲ್ಟ್ ಮಾತ್ರ ನಿಂತಿದೆ. ಇದರಲ್ಲಿ ಬೋರ್ಡ್ ಎಲ್ಲಿಂದ ಬಂತು ಅಕ್ಕ?”

ಡಿಸ್‌ಪ್ಲೇ ಯಾಕೆ ಸುಮ್ಮನೆ 4.0 ತೋರಿಸುತ್ತಿತ್ತು ಎಂಬುದೂ ಆಗ ತಿಳಿಯಿತು. ನಮ್ಮ ಮೆಷಿನ್ನಿನ ಸೆನ್ಸರ್ ಎಣಿಸುವುದು ರೋಲರ್ ಪುಲ್ಲಿಯ ಸುತ್ತನ್ನು. ಬೆಲ್ಟ್ ಓಡುತ್ತಿದೆಯೋ ಇಲ್ಲವೋ ಅದಕ್ಕೆ ಸಂಬಂಧವೇ ಇಲ್ಲ. ಗುಲಾಬಿ ಗೆರೆ ನಿಂತು ಬಿಳಿ ಗೆರೆ ತಿರುಗುತ್ತಿದ್ದರೆ ಚಿಕ್ಕ ಬೆಲ್ಟ್ ಸವೆದಿದೆ ಎನ್ನಬೇಕಿತ್ತು. ಎರಡೂ ಒಟ್ಟಿಗೇ ನಿಧಾನವಾಗಿದ್ದರೆ ಮೋಟಾರೇ ಸೋಲುತ್ತಿದೆ ಎನ್ನಬೇಕಿತ್ತು.

ಆಮೇಲೆ ಭಾಯ್ ಬೆಲ್ಟಿನ ಅಡಿಗೆ ಕೈ ತೂರಿಸಿ, ಹೊರಗೆ ತೆಗೆದು, ಬೆರಳು ಮೂಸಿದರು. ನನ್ನ ಕಡೆ ನೋಡಿದರು. ಟೇಬಲ್ ಮೇಲಿದ್ದ ಹೊಲಿಗೆ ಮೆಷಿನ್ ಎಣ್ಣೆ ಬಾಟಲಿ ನೋಡಿದರು. ಏನೂ ಹೇಳಲಿಲ್ಲ. ನಾನೇ ಒಪ್ಪಿಕೊಂಡೆ.

ಹೊಲಿಗೆ ಎಣ್ಣೆ ಪೆಟ್ರೋಲಿಯಂ ಜಾತಿಯ ಎಣ್ಣೆ. ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಕಡೆಗೆ ಅದು ಸರಿ. ಟ್ರೆಡ್‌ಮಿಲ್ ಬೆಲ್ಟ್‌ನ ಮೇಲ್ಭಾಗ ಪಿ.ವಿ.ಸಿ., ಅಡಿಭಾಗ ನೇಯ್ದ ಬಟ್ಟೆ. ಅದಕ್ಕೆ ಈ ಎಣ್ಣೆ ಆಗುವುದಿಲ್ಲ. ನಿಧಾನವಾಗಿ ಬೆಲ್ಟನ್ನು ತಿನ್ನುತ್ತದೆ, ಉಬ್ಬಿಸುತ್ತದೆ. ಕೊಬ್ಬರಿ ಎಣ್ಣೆ, ಗ್ರೀಸ್, ಬಾಗಿಲ ಕೀಲಿಗೆ ಹೊಡೆಯುವ ಸ್ಪ್ರೇ, ಎಲ್ಲಕ್ಕೂ ಇದೇ ಮಾತು. ಸಿಲಿಕಾನ್ ಎಣ್ಣೆ ಒಂದೇ. ಅದೂ ಜಾಸ್ತಿಯಾದರೆ ತಪ್ಪೇ. ಎಣ್ಣೆ ಬೇಕಿರುವುದು ಹಲಗೆಗೂ ಬೆಲ್ಟಿಗೂ ನಡುವೆ. ರೋಲರ್ ಮೇಲೆ ಹರಿದರೆ ಅದು ಬೆಲ್ಟನ್ನು ಹಿಡಿಯುವುದೇ ಇಲ್ಲ. ನಾನು ತಪ್ಪು ಎಣ್ಣೆಯನ್ನು ತಪ್ಪು ಅಳತೆಯಲ್ಲಿ ಹಾಕಿದ್ದೆ. ಎರಡು ದಿನ ಬೆಣ್ಣೆಯ ಹಾಗೆ ಓಡಿದ್ದು ಎಣ್ಣೆ ಇನ್ನೂ ರೋಲರ್ ತಲುಪಿರಲಿಲ್ಲ ಅಂತ.

ಸರಿ ಮಾಡಿದ ಬಗೆ ಹೀಗೆ. ಹಿಂದಿನ ಎರಡು ಬೋಲ್ಟ್‌ಗಳನ್ನು ಎಲ್ ಕೀ ಹಾಕಿ ಬಿಚ್ಚುತ್ತಾ ಬಂದರು. ಎಷ್ಟು ಸುತ್ತು ಬಿಚ್ಚಿದೆ ಎಂದು ಚಾಕಿನಲ್ಲಿ ಹಲಗೆ ಪಕ್ಕ ಗೆರೆ ಹಾಕಿಕೊಂಡರು. ಎಡಕ್ಕೆ ಹತ್ತು, ಬಲಕ್ಕೆ ಹತ್ತು. ವಾಪಸ್ ಬಿಗಿ ಮಾಡುವಾಗ ಅಷ್ಟೇ ಮಾಡಿದರೆ ಬೆಲ್ಟ್ ಹಳೇ ಜಾಗಕ್ಕೆ ಬಂದು ಕೂರುತ್ತದೆ. ಬೆಲ್ಟ್ ಸಡಿಲವಾದ ಮೇಲೆ ಎರಡೂ ರೋಲರ್‌ಗಳನ್ನು ಸ್ಪಿರಿಟ್‌ನಲ್ಲಿ ಒರೆಸಿದ್ದು. ಬೆಲ್ಟಿನ ಅಡಿಗೆ ಉದ್ದ ಬಟ್ಟೆ ತೂರಿಸಿ, ಆ ಕಡೆ ಒಬ್ಬರು ಈ ಕಡೆ ಒಬ್ಬರು ಹಿಡಿದು ಮೊಸರು ಕಡೆದ ಹಾಗೆ ಎಳೆದದ್ದು. ಲೈನಿಂಗ್ ಬಟ್ಟೆ ತುಂಡಿಗೇನು ನಮ್ಮಲ್ಲಿ ಬರವೇ? ಹದಿನೇಳು ತುಂಡು ಕಪ್ಪಗಾದವು. ಹದಿನೆಂಟನೆಯದು ಬೂದು ಬಣ್ಣಕ್ಕೆ ಬಂದಾಗ ಸಾಕು ಎಂದರು.

ಬಿಗಿ ಎಷ್ಟಿರಬೇಕು ಅನ್ನುವುದಕ್ಕೂ ಒಂದು ಲೆಕ್ಕ ಇದೆ. ಬೆಲ್ಟಿನ ನಡು ಭಾಗದಲ್ಲಿ ಅಂಚು ಹಿಡಿದು ಎತ್ತಿದರೆ ಎರಡರಿಂದ ಮೂರು ಇಂಚು ಮೇಲೆ ಬರಬೇಕು. ಅದಕ್ಕಿಂತ ಜಾಸ್ತಿ ಬಂದರೆ ಸಡಿಲ. ಎದ್ದೇಳುವುದೇ ಇಲ್ಲ ಎಂದರೆ ತೀರಾ ಬಿಗಿ, ಬೇರಿಂಗ್ ಹಾಳು, ಮೋಟಾರ್‌ಗೂ ಭಾರ. ಲಂಗದ ಲಾಡಿಯ ಹಾಗೆ. ಸಡಿಲವಾದರೆ ಮಾನ ಹೋಗುತ್ತದೆ, ಬಿಗಿಯಾದರೆ ಉಸಿರು. ಬಿಗಿ ಮಾಡುವಾಗ ಎರಡೂ ಬೋಲ್ಟ್‌ಗೆ ಒಂದೊಂದು ಸಲಕ್ಕೆ ಕಾಲು ಸುತ್ತು ಮಾತ್ರ. ಆಮೇಲೆ ಓಡಿಸಿ ನೋಡಬೇಕು. ಬೆಲ್ಟ್ ಎಡಕ್ಕೆ ಸರಿಯುತ್ತಿದ್ದರೆ ಎಡ ಬೋಲ್ಟ್ ಕಾಲು ಸುತ್ತು ಬಿಗಿ, ಬಲಕ್ಕೆ ಸರಿಯುತ್ತಿದ್ದರೆ ಬಲದ್ದು. ಹೊಸಬರು ಒಂದೇ ಸಲಕ್ಕೆ ಎರಡು ಸುತ್ತು ತಿರುಗಿಸಿ ಬೆಲ್ಟಿನ ಅಂಚು ಹರಿದುಕೊಳ್ಳುತ್ತಾರಂತೆ.

ಆಮೇಲೆ ಹೊಸ ಸಿಲಿಕಾನ್ ಎಣ್ಣೆ. ಈ ಕಡೆ ಬೆಲ್ಟ್ ಎತ್ತಿ ಹಲಗೆ ನಡುವಿಗೆ ಒಂದು ಸೊಟ್ಟ ಗೆರೆ, ಆ ಕಡೆ ಒಂದು ಗೆರೆ. ಎರಡೂ ಸೇರಿ ಎರಡು ಚಮಚಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಮೂರು ನಿಮಿಷ ನಿಧಾನವಾಗಿ ನಡೆದರೆ ಹರಡಿಕೊಳ್ಳುತ್ತದೆ. ಮತ್ತೆ ಯಾವಾಗ ಹಾಕಬೇಕು ಅಂದರೆ ಕ್ಯಾಲೆಂಡರ್ ನೋಡಬೇಡಿ, ಕೈ ಹಾಕಿ ನೋಡಿ ಎಂದರು ಭಾಯ್. ಅಡಿಯಲ್ಲಿ ಬೆರಳಿಗೆ ಜಿಡ್ಡು ಹತ್ತಿದರೆ ಬೇಡ. ಒಣಗಿದ್ದರೆ ಹಾಕಿ.

ನಾನು ಮೇಲೆ ಹತ್ತಿ ನಡೆದೆ. ಕಾಲಿನ ಜೊತೆ ಬರುವ ಜರ್ಕ್ ಹೋಗಿತ್ತು. ಆದರೆ ಹಳೇ ಕಾಯಿಲೆ, ಸಂಕ್ರಾಂತಿಯದು, ಇನ್ನೂ ಇತ್ತು. 2ರ ವೇಗದಲ್ಲಿ ಆಗಾಗ ಒಂದು ಹೊಲಿಗೆ ತಪ್ಪುತ್ತಿತ್ತು. ಅದು ಮೋಟಾರ್ ಕಡೆಯದು.

ಇಲ್ಲಿ ನನಗೇ ಹೊಳೆಯಿತು. “ಕಾರ್ಬನ್ ಇರಬೇಕು ಭಾಯ್” ಎಂದೆ. ಹೊಲಿಗೆ ಮೆಷಿನ್ನಿನ ಸಣ್ಣ ಮೋಟಾರ್‌ಗೆ ಎರಡು ಕಡೆ ಕಾರ್ಬನ್ ತುಂಡು ಇರುತ್ತದೆ, ಸವೆದರೆ ಮೋಟಾರ್ ಹೀಗೇ ಬಿಟ್ಟು ಬಿಟ್ಟು ಓಡುತ್ತದೆ. ನಾನೇ ಎಷ್ಟೋ ಸಲ ಬದಲಾಯಿಸಿದ್ದೇನೆ. ಟ್ರೆಡ್‌ಮಿಲ್ ಡಿ.ಸಿ. ಮೋಟಾರ್‌ಗೂ ಅದೇ, ಸ್ವಲ್ಪ ದಪ್ಪ. ಭಾಯ್ ಎರಡು ಕಡೆಯ ಕ್ಯಾಪ್ ಬಿಚ್ಚಿದರು. ಒಂದು ಕಾರ್ಬನ್ ಇನ್ನೊಂದರ ಅರ್ಧ ಕೂಡ ಇರಲಿಲ್ಲ. ಅದರ ಸ್ಪ್ರಿಂಗ್‌ಗೆ ಕಪ್ಪು ಜಿಡ್ಡು ಮೆತ್ತಿ, ಅದು ಕಾರ್ಬನ್ನನ್ನು ಸರಿಯಾಗಿ ಒತ್ತುತ್ತಲೇ ಇರಲಿಲ್ಲ. ವೇಗ ಜಾಸ್ತಿ ಇದ್ದಾಗ ಇದು ಮುಚ್ಚಿಹೋಗುತ್ತದೆ, ನಿಧಾನಕ್ಕೆ ಓಡುವಾಗ ಬಯಲಾಗುತ್ತದೆ. ಮೋಟಾರಿನೊಳಗೆ ತಿರುಗುವ ಆರ್ಮೇಚರ್ ಮೇಲಿನ ತಾಮ್ರದ ಪಟ್ಟಿಯೂ ಕಪ್ಪಾಗಿತ್ತು. ಸಣ್ಣ ಎಮರಿ ಕಾಗದದಲ್ಲಿ ಹಗುರವಾಗಿ ಉಜ್ಜಿ, ಧೂಳು ತೆಗೆದು, ಹೊಸ ಜೋಡಿ ಹಾಕಿದರು. ಬದಲಾಯಿಸಿದರೆ ಎರಡನ್ನೂ ಬದಲಾಯಿಸಬೇಕು. ಹಾಕಿದ ಮೇಲೆ ಅರ್ಧ ಗಂಟೆ ಖಾಲಿ ಓಡಿಸಬೇಕು, ಕಾರ್ಬನ್ನಿನ ತುದಿ ತಾಮ್ರದ ದುಂಡಿಗೆ ಹೊಂದಿಕೊಳ್ಳಲು.

ಇನ್ನೊಂದು ಕಸ ನೋಡಿ ನನಗೇ ಅಸಹ್ಯವಾಯಿತು. ಮೋಟಾರ್ ಗೂಡಿನ ತುಂಬ ನೂಲಿನ ಧೂಳು. ಹಸಿರು, ಕೆಂಪು, ಜರಿ ಚೂರು. ಒಂದು ಕಡೆ ಓವರ್‌ಲಾಕ್ ದಾರದ ಉಂಡೆ. ಸೆನ್ಸರ್ ಮುಂದೆ ತಿರುಗುವ ಆಯಸ್ಕಾಂತದ ಮೇಲೂ ಧೂಳು ಅಂಟಿತ್ತು. ಕಟ್ಟಿಂಗ್ ಟೇಬಲ್ ಪಕ್ಕ ಇಟ್ಟದ್ದಕ್ಕೆ ಸಿಕ್ಕ ಬಹುಮಾನ. ಮೋಟಾರ್ ತಣ್ಣಗಾಗಲು ಗಾಳಿ ಎಳೆದುಕೊಳ್ಳುತ್ತದೆ, ಗಾಳಿಯ ಜೊತೆ ನಮ್ಮ ಬಟ್ಟೆ ಚೂರೂ ಹೋಗುತ್ತದೆ. ಸೆನ್ಸರ್ ಆ ಆಯಸ್ಕಾಂತದಿಂದ ಕೆಲವೇ ಮಿಲಿಮೀಟರ್ ದೂರದಲ್ಲಿರಬೇಕಂತೆ. ನಮ್ಮದು ಸ್ವಲ್ಪ ಓರೆಯಾಗಿತ್ತು. ಎಣಿಕೆ ತಪ್ಪಿದರೆ ಬೋರ್ಡ್ ವೇಗ ಕಡಿಮೆಯಾಯಿತು ಅಂದುಕೊಂಡು ಮೋಟಾರ್‌ಗೆ ಜಾಸ್ತಿ ಕೊಡುತ್ತದೆ, ಮತ್ತೆ ತಪ್ಪು ಗೊತ್ತಾಗಿ ಇಳಿಸುತ್ತದೆ. ನಮಗೆ ಅದು ತಡವರಿಕೆ. ಬ್ರಷ್‌ನಲ್ಲಿ ಒರೆಸಿ, ನೆಟ್ಟಗೆ ಮಾಡಿದರು.

ಕೊನೆಗೆ ಪ್ಲಗ್. ನಾವು ಐರನ್ ಬಾಕ್ಸ್, ಪವರ್ ಮೆಷಿನ್, ಟ್ರೆಡ್‌ಮಿಲ್ ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬಾಕ್ಸ್‌ಗೆ ಸಿಕ್ಕಿಸಿದ್ದೆವು. ಅದರ ಒಂದು ತೂತು ಕಂದು ಬಣ್ಣಕ್ಕೆ ತಿರುಗಿತ್ತು. ನಾನು ನಡೆಯುವಾಗ ಮೀಟರ್ ಹಿಡಿದರೆ ಅಂಕಿ 221ರಿಂದ 212 ವೋಲ್ಟ್‌ಗೆ ಇಳಿದು ಹತ್ತುತ್ತಿತ್ತು. ಇದೊಂದರಿಂದಲೇ ಜರ್ಕ್ ಬಂದಿಲ್ಲ, ಆದರೆ ಇದೂ ಇರಬಾರದು ಎಂದರು. ಈಗ ಟ್ರೆಡ್‌ಮಿಲ್ ನೇರ ಗೋಡೆಯ 16 ಆಂಪ್ ಸಾಕೆಟ್‌ಗೆ.

ಬಿಲ್ ಹೀಗಿತ್ತು. ಕಾರ್ಬನ್ ಜೋಡಿ 220, ಸಿಲಿಕಾನ್ ಎಣ್ಣೆ 260, ಸ್ಪಿರಿಟ್ ಮತ್ತು ಎಮರಿ 70, ಕೂಲಿ 600. ಒಟ್ಟು 1,150 ರೂಪಾಯಿ. ಸಾಲದ್ದಕ್ಕೆ ಅವರ ಮಗಳ ಯೂನಿಫಾರ್ಮ್‌ಗೆ ಜಿಪ್ ಹಾಕಿಕೊಡಿ ಎಂದರು, ಹಾಕಿಕೊಟ್ಟೆ. ಮೂರು ಗಂಟೆ ಕೆಲಸ. ಭಾಯ್‌ಗೆ ಒಂದು ಕುಂದು ಹೇಳಲೇಬೇಕು ಅಂದರೆ, ಹೇಳಿದ ಭಾನುವಾರ ಬರಲಿಲ್ಲ, ಅದರ ಮುಂದಿನ ಭಾನುವಾರ ಬಂದರು. ಬೇಸಿಗೆಯಲ್ಲಿ ಬೋರ್‌ವೆಲ್ ಮೋಟಾರ್ ಸುಟ್ಟವರು ಅಂಗಡಿ ಮುಂದೆ ಕೂತಿದ್ದರೆ ನನ್ನ ವಾಕಿಂಗ್ ಯಾರಿಗೆ ಬೇಕು, ಬಿಡಿ.

ಬೋರ್ಡ್ ವಿಷಯದಲ್ಲಿ ಕಂಪನಿ ಹುಡುಗನ ಮಾತು ಪೂರ್ತಿ ಸುಳ್ಳು ಎನ್ನಲಾರೆ. ಬೆಲ್ಟ್ ಒಣಗಿದ ಮೆಷಿನ್ ಮೇಲೆ ತಿಂಗಳುಗಟ್ಟಲೆ ನಡೆದರೆ ಮೋಟಾರ್ ಜಾಸ್ತಿ ಕರೆಂಟ್ ಎಳೆಯುತ್ತದೆ, ಬಿಸಿಯಾಗಿ ಬೋರ್ಡ್ ಹೋಗುವುದೂ ಉಂಟು ಎಂದು ಭಾಯ್ ಅವರೇ ಹೇಳಿದರು. ಆದರೆ ಆಗ ಹೊಸ ಬೋರ್ಡ್ ಹಾಕಿ ಬೆಲ್ಟ್ ಹಾಗೇ ಬಿಟ್ಟರೆ ಹೊಸದೂ ಹೋಗುತ್ತದೆ. ನಮ್ಮ ಮನೆಯಲ್ಲಿ 9,400 ಕೊಟ್ಟಿದ್ದರೂ ಬೆಲ್ಟ್ ರೋಲರ್ ಮೇಲೆ ಹಾಗೇ ಜಾರುತ್ತಿತ್ತು.

ಆ 750 ರೂಪಾಯಿ ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಮೋಟಾರ್‌ಗೆ ಮೂರು ವರ್ಷ ವಾರಂಟಿ ಇತ್ತು, ಸಮಸ್ಯೆಯಲ್ಲಿ ಅರ್ಧ ಮೋಟಾರಿನದು. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದೆ. ಅಲ್ಲಿ ಕನ್ನಡದಲ್ಲೇ ಮಾತಾಡಿದರು. ಹತ್ತು ದಿನದೊಳಗೆ ಕಂಪನಿಯಿಂದ ಒಬ್ಬರು ಫೋನ್ ಮಾಡಿ, ಕಾರ್ಬನ್ ವಾರಂಟಿಯಲ್ಲಿ ಬರಲ್ಲ ಮೇಡಂ ಎಂದು ವಾದ ಮಾಡಿ, ಕೊನೆಗೆ 750 ವಾಪಸ್ ಹಾಕಿದರು. ಅದಕ್ಕೇ ಒಂದು ಸ್ಟಾರ್. ಇಲ್ಲದಿದ್ದರೆ ಸೊನ್ನೆ.

ಇನ್ನು ಮೆಷಿನ್ನಿನ ಬಗ್ಗೆ. ನಡೆಯುವುದಕ್ಕೆ ಸಾಕು, ಓಡುವುದಕ್ಕಲ್ಲ. ಬೆಲ್ಟ್ 110 ಸೆಂಟಿಮೀಟರ್ ಉದ್ದ, 40 ಅಗಲ. ನನ್ನ ಟೇಪಿನಲ್ಲೇ ಅಳೆದದ್ದು. ಐದು ಅಡಿ ಎರಡು ಇಂಚಿನ ನನಗೆ ಸರಿ, ಎತ್ತರದವರು ಬೀಸು ಹೆಜ್ಜೆ ಹಾಕಿದರೆ ಹಿಮ್ಮಡಿ ಹಿಂದಿನ ಅಂಚಿಗೆ ತಾಗುತ್ತದೆ. ಸದ್ದು ಪರವಾಗಿಲ್ಲ. ಸೇಫ್ಟಿ ಕೀ ಚೆನ್ನಾಗಿ ಕೆಲಸ ಮಾಡುತ್ತದೆ, ಸೀರೆಗೆ ಸಿಕ್ಕಿಸಿಕೊಂಡೇ ನಡೆಯಿರಿ.

ಡಬ್ಬದ ಮೇಲೆ ದೊಡ್ಡದಾಗಿ 3 ಎಚ್‌ಪಿ ಪೀಕ್, ಅಂದರೆ ಅರೆಗಳಿಗೆಯ ಗರಿಷ್ಠ ಶಕ್ತಿ, ಎಂದು ಬರೆದಿದ್ದಾರೆ. ಒಂದು ಎಚ್‌ಪಿ ಎಂದರೆ 746 ವಾಟ್. ಮೂರಕ್ಕೆ 2,238 ವಾಟ್ ಆಯಿತು. ಮೆಷಿನ್ ಜೊತೆ ಬಂದದ್ದು 6 ಆಂಪ್ ಸಣ್ಣ ಪ್ಲಗ್. 230 ವೋಲ್ಟಿಗೆ ಗುಣಿಸಿದರೆ 1,380 ವಾಟ್ ದಾಟುವುದಿಲ್ಲ. ಉಳಿದದ್ದು ಎಲ್ಲಿಂದ ಬರುತ್ತದೆ? ಮೋಟಾರ್ ಮೇಲಿನ ಚೀಟಿಯಲ್ಲಿ ಸಣ್ಣ ಅಕ್ಷರದಲ್ಲಿ 1.25 ಎಚ್‌ಪಿ ಎಂದಿದೆ. ಅದು ನಿಜ. ಬಿಡದೆ ಓಡುವಾಗ ಎಷ್ಟು ಎಂದು ಕೇಳಿ ಕೊಳ್ಳಿ, ಪೀಕ್ ಕಟ್ಟಿಕೊಂಡು ಏನೂ ಆಗಬೇಕಾಗಿಲ್ಲ.

ಈ ಸಣ್ಣ ಮೋಟಾರ್‌ನ ಒಂದು ಗುಣ ಯಜಮಾನರಿಗೆ ಈಗಲೂ ಒಪ್ಪಿಗೆಯಿಲ್ಲ. ಅವರು 91 ಕೆ.ಜಿ. ಮೆಷಿನ್ 100ರವರೆಗೆ ತಡೆಯುತ್ತದೆ ಎಂದು ಬರೆದಿದೆ. ಆದರೆ 2ರ ವೇಗದಲ್ಲಿ ಅವರು ಹೆಜ್ಜೆ ಊರಿದರೆ ಈಗಲೂ ಒಂದು ಸಣ್ಣ ತಡೆ ಬರುತ್ತದೆ. ಇದು ಕಾಯಿಲೆಯಲ್ಲ. ವೇಗ ಕಡಿಮೆ ಇದ್ದಷ್ಟೂ ಪ್ರತಿ ಹೆಜ್ಜೆಯೂ ಬೆಲ್ಟ್‌ಗೆ ಬ್ರೇಕ್ ಹಾಕಿದಂತೆ, ಸಣ್ಣ ಮೋಟಾರ್‌ಗೆ ಅದನ್ನು ಎಳೆಯುವುದು ಕಷ್ಟ. 3.5ರಲ್ಲಿ ನಡೆದರೆ ಗೊತ್ತೇ ಆಗುವುದಿಲ್ಲ. ನಡೀರಿ ಎಂದರೆ ಕೇಳಬೇಕಲ್ಲ.

ರಿಪೇರಿ ಆಗಿ ಹದಿನಾಲ್ಕು ತಿಂಗಳಾಯಿತು. ಮತ್ತೆ ಜರ್ಕ್ ಬಂದಿಲ್ಲ. ಹೊಲಿಗೆ ಎಣ್ಣೆ ಕುಡಿದ ಬೆಲ್ಟಿನ ಒಂದು ಅಂಚು ಸ್ವಲ್ಪ ಉಬ್ಬಿದೆ, ವರ್ಷದೊಳಗೆ ಬದಲಾಯಿಸಬೇಕಾಗಬಹುದು ಎಂದು ಭಾಯ್ ಹೇಳಿದ್ದಾರೆ, ಆ ಲೆಕ್ಕ ನನ್ನ ತಲೆಯ ಮೇಲೇ. ಮೆಷಿನ್ ಈಗ ಹಿಂದಿನ ರೂಮಿನಲ್ಲಿದೆ. ಮೂರು ತಿಂಗಳಿಗೊಮ್ಮೆ ಮುಚ್ಚಳ ತೆಗೆದು ಧೂಳು ಹೊಡೆಯುತ್ತೇನೆ. ಎಣ್ಣೆ ಬಾಟಲಿಗಳು ಮಾತ್ರ ಇನ್ನೂ ಒಂದೇ ಡ್ರಾಯರ್‌ನಲ್ಲಿವೆ. ಸಿಲಿಕಾನ್ ಬಾಟಲಿಯ ಕತ್ತಿಗೆ ಕೆಂಪು ದಾರ ಸುತ್ತಿ ಗಂಟು ಹಾಕಿದ್ದೇನೆ. ಯಜಮಾನರಿಗೂ ತೋರಿಸಿದ್ದೇನೆ.